ಬೀಳಲು ಬಾರದ ಪಿಳ್ಳಪ್ಪ

ವನಜಾಕ್ಷಿಗೆ ಐವತ್ತೆರಡು ವರ್ಷ. ಪರದೆಯ ಮೇಲೆ ಕೈಗೆ ಬಾಕ್ಸಿಂಗ್ ಗ್ಲೌಸು ಹಾಕಿಕೊಂಡು ನಿಂತಿದ್ದ ಅವಳ ಅಪ್ಪನಿಗೆ ಇಪ್ಪತ್ತನಾಲ್ಕು.

ಅವನು ಭುಜ ಕುಣಿಸಿದ. ಎಡಗಾಲಿನ ಮೇಲೆ ಭಾರ ಹಾಕಿ, ತೆಗೆದು, ಮತ್ತೆ ಹಾಕಿದ. ಮೂಗಿನಿಂದ ಒಮ್ಮೆ ಜೋರಾಗಿ ಉಸಿರು ಬಿಟ್ಟ. ಆ ಉಸಿರನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಎದೆಗೂಡು ಏರಿಳಿಯುವ ಬಗೆಯನ್ನು ಹಳೆಯ ಫಿಲ್ಮಿನಿಂದ ಯಂತ್ರವೇ ಹೆಕ್ಕಿಕೊಂಡಿತ್ತು. ಪ್ರಯೋಗಾಲಯದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ವನಜಾಕ್ಷಿ ಮಾತ್ರ ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಕೂತಿದ್ದಳು. ಬಚ್ಚಲಿನಿಂದ ತಲೆ ಒರೆಸಿಕೊಳ್ಳುತ್ತ ಬರುವಾಗ ಅಪ್ಪ ಇವತ್ತಿಗೂ ಹಾಗೇ ಉಸಿರು ಬಿಡುತ್ತಾನೆ.

"ಸಿಕ್ಕಿಬಿಟ್ರು ಮೇಡಂ, ನಿಮ್ಮ ತಂದೆ," ಎಂದ ಇಂದುಧರ.

ಇಂದುಧರ ಒಂದು ಕಾಲಕ್ಕೆ ಅವಳ ವಿದ್ಯಾರ್ಥಿ. ಬೆಂಗಳೂರಿನ ಕಾಲೇಜಿನಲ್ಲಿ ಅವಳು ದೇಹಚಲನೆಯ ಭೌತಶಾಸ್ತ್ರ ಹೇಳಿಕೊಡುತ್ತಿದ್ದಾಗ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದವನು. ಈಗ 'ಪುನರಂಗ' ಎಂಬ ಕಂಪನಿ ನಡೆಸುತ್ತಿದ್ದ. ಕಂಪನಿಯ ಯಂತ್ರ ಒಂದೇ ಒಂದು ಕೆಲಸ ಮಾಡುತ್ತಿತ್ತು. ಹಿಂದಿನ ಕಾಲದ ಆಟಗಾರನ ಫಿಲ್ಮು ಕೊಟ್ಟರೆ ಒಂದೊಂದು ಚಿತ್ರದಲ್ಲೂ ಅವನ ಕೀಲುಗಳೆಲ್ಲಿವೆ ಎಂದು ಗುರುತಿಸಿ, ಮೂಳೆಯ ಉದ್ದ, ಮೈತೂಕ, ಸ್ನಾಯುಗಳ ಬಲವನ್ನು ಲೆಕ್ಕ ಹಾಕಿ, ಆ ಮನುಷ್ಯನನ್ನು ಮತ್ತೆ ಕಟ್ಟುತ್ತಿತ್ತು. ಆಮೇಲೆ ಅವನ ಅಭ್ಯಾಸಗಳನ್ನು ಕಲಿಯುತ್ತಿತ್ತು: ಎಡಗಡೆಯಿಂದ ಏಟು ಬಂದರೆ ಏನು ಮಾಡುತ್ತಾನೆ, ದಣಿದಾಗ ಯಾವ ಕೈ ಮೊದಲು ಇಳಿಯುತ್ತದೆ. ಕಲಿತು ಮುಗಿದ ಮೇಲೆ ಅವನನ್ನು ಈ ಕಾಲದ ಯಾವ ಚಾಂಪಿಯನ್ನಿನ ಎದುರಿಗಾದರೂ ನಿಲ್ಲಿಸಬಹುದು. ಆ ಕಾಲದವನು ಈ ಕಾಲದವನ ಮುಂದೆ ಎಷ್ಟು ಹೊತ್ತು ನಿಂತಾನು ಎಂದು ಟೀ ಅಂಗಡಿಗಳಲ್ಲಿ ನಡೆಯುವ ಜಗಳಕ್ಕೆ ಉತ್ತರ ಸಿಗುತ್ತದೆ.

ಹೊರದೇಶದ ಹಳೆಯ ಹೆವಿವೇಟ್ ಬಾಕ್ಸರ್‌ಗಳ ಫಿಲ್ಮಿನ ಹಕ್ಕುಗಳೆಲ್ಲ ಯಾರ್ಯಾರದೋ ಕೈಯಲ್ಲಿದ್ದವು. ನಮ್ಮವನೇ ಒಬ್ಬ ಬೇಕು ಎಂದು ಇಂದುಧರ ಹುಡುಕುತ್ತಿದ್ದಾಗ ವನಜಾಕ್ಷಿಯೇ ಅಪ್ಪನ ಹೆಸರು ಹೇಳಿದ್ದಳು. ಕಾಗದ ಮುಂದಿಟ್ಟಾಗ ಪಿಳ್ಳಪ್ಪ, "ನಿಂಗೆ ಖುಷಿನಾಮ್ಮ? ಹಂಗಾದ್ರೆ ಸರಿ," ಎಂದು ನಡುಗುವ ಕೈಯಲ್ಲೇ ಸಹಿ ಹಾಕಿದ್ದ.

ಕೋಲಾರದ ಚಿನ್ನದ ಗಣಿಯ ಕೂಲಿಗಾರರ ಲೈನುಮನೆಗಳಲ್ಲಿ ಪಿಳ್ಳಪ್ಪನ ಕಾಲಕ್ಕೆ ಬಾಕ್ಸಿಂಗ್ ಇಲ್ಲದ ಶನಿವಾರ ಇರುತ್ತಿರಲಿಲ್ಲ. ಹಗಲು ಭೂಮಿಯೊಳಗೆ ಬಂಡೆ ಕೊರೆಯುವುದು, ಮೇಲೆ ಬಂದು ಮೈ ತೊಳೆದು ರಿಂಗು ಹತ್ತುವುದು. ಮಗುವಾಗಿದ್ದಾಗ ಬಡಕಲಾಗಿದ್ದನೆಂದು ಪಿಳ್ಳಪ್ಪ ಎಂದು ಹೆಸರಿಟ್ಟಿದ್ದರಂತೆ. ಇಪ್ಪತ್ತು ತುಂಬುವಷ್ಟರಲ್ಲಿ ಆರಡಿ ದಾಟಿದ್ದ; ಇಡೀ ದಕ್ಷಿಣದಲ್ಲಿ ಅವನಿಗೆ ಸರಿಸಮನಾದ ತೂಕದವನು ಸಿಗುವುದೇ ಕಷ್ಟವಾಗಿತ್ತು. ಅವನ ಪಂದ್ಯಗಳನ್ನು ಫಿಲ್ಮು ಮಾಡಿದವನು ಸೆಬಾಸ್ಟಿಯನ್ ಎಂಬ ಗೆಳೆಯ. ಊರು ಬಿಟ್ಟುಹೋದ ಇಂಗ್ಲಿಷ್ ಅಧಿಕಾರಿಯೊಬ್ಬನಿಂದ ಕೊಂಡ, ಕೀಲಿ ಕೊಟ್ಟು ನಡೆಸುವ ಕ್ಯಾಮರಾ ಅವನಲ್ಲಿತ್ತು. ಫಿಲ್ಮಿನ ಖರ್ಚಿಗೆ ಪಿಳ್ಳಪ್ಪನ ಜೊತೆ ಗಣಿಗಿಳಿಯುತ್ತಿದ್ದ ಗ್ಯಾಂಗಿನವರೆಲ್ಲ ಕೈಲಾದಷ್ಟು ಹಾಕುತ್ತಿದ್ದರು.

ಆ ಫಿಲ್ಮುಗಳನ್ನು ವನಜಾಕ್ಷಿ ತಾನೇ ಅಳೆದು ಯಂತ್ರಕ್ಕೆ ಕೊಟ್ಟಿದ್ದಳು. ಅಳೆಯುವಾಗ ಮೊದಲ ನೋವು ಎದುರಾಯಿತು. ಅಪ್ಪನ ಎಡಗೈ ಏಟು ಮಿಂಚಿನಂತೆ ಹೋಗುತ್ತದೆಂದು ಆ ಫಿಲ್ಮು ನೋಡಿದವರೆಲ್ಲ ಹೇಳುತ್ತಿದ್ದರು. ಅವಳಿಗೆ ಅನುಮಾನ ಬಂತು. ರೌಂಡುಗಳ ನಡುವೆ ಅಪ್ಪನ ತಲೆಯ ಮೇಲೆ ಸ್ಪಂಜು ಹಿಂಡುತ್ತಿದ್ದರು. ಅದರಿಂದ ಬೀಳುವ ನೀರು ಫಿಲ್ಮಿನಲ್ಲಿ ಕಾಣುತ್ತಿತ್ತು. ಮನುಷ್ಯರ ವೇಗ ಕಾಲಕಾಲಕ್ಕೆ ಬದಲಾದೀತು, ನೀರಹನಿ ಬೀಳುವ ವೇಗ ಬದಲಾಗುವುದಿಲ್ಲ. ಹನಿಗಳನ್ನು ಅಳೆದರೆ, ಕ್ಯಾಮರಾ ನಿಧಾನವಾಗಿ ಓಡಿದೆ, ತೋರಿಸುವಾಗ ಫಿಲ್ಮನ್ನು ವೇಗವಾಗಿ ಓಡಿಸಿದ್ದಾರೆ ಎಂದು ತಿಳಿಯಿತು. ನಿಜವಾದ ಪಿಳ್ಳಪ್ಪ ಫಿಲ್ಮಿನ ಪಿಳ್ಳಪ್ಪನಿಗಿಂತ ಮೂರರಲ್ಲೊಂದು ಪಾಲು ನಿಧಾನ.

ಇಂದುಧರನ ಮುಖ ಸಣ್ಣಗಾಯಿತು. "ಇದನ್ನ ಹಾಕಲೇಬೇಕಾ ಮೇಡಂ?"

"ಹಾಕಬೇಕು. ಫಿಲ್ಮಲ್ಲಿ ಕಂಡದ್ದನ್ನ ಬಿಡೋ ಹಾಗಿಲ್ಲ, ಕಾಣದ್ದನ್ನ ಸೇರಿಸೋ ಹಾಗಿಲ್ಲ. ಇಲ್ಲದೆ ಇದ್ರೆ ಅದು ನಮ್ಮಪ್ಪ ಅಲ್ಲ, ಬೊಂಬೆ."

ಪರದೆಯ ಮೇಲೆ ಅಪ್ಪ ಕಾಣಿಸಿದ ಸಂಜೆ ಅವಳು ಮನೆಗೆ ಬಂದಾಗ ಪಿಳ್ಳಪ್ಪ ಎರಡು ಹಿಡಿಯ ಲೋಟದಲ್ಲಿ ಅಂಬಲಿ ಕುಡಿಯುತ್ತಿದ್ದ. ಎಡಗೈಯ ನಡುಕ ಶುರುವಾಗಿ ಬಹಳ ವರ್ಷವಾಗಿತ್ತು. ತಲೆಗೆ ಬಿದ್ದ ಹಳೆಯ ಏಟುಗಳ ಫಲ ಎಂದು ಡಾಕ್ಟರು ಹೇಳಿದ್ದರು.

"ಯಾರ ಮೇಲೆ ಬಿಡ್ತಿದೀರಿ ನನ್ನ?"

"ಕೆಲೆಚಿ ಒಬಿ ಅಂತ. ಈಗಿನ ವರ್ಲ್ಡ್ ಚಾಂಪಿಯನ್. ಆರಡಿ ಆರಿಂಚು ಅಪ್ಪ. ನೂರಾ ಹದಿನೈದು ಕೆಜಿ."

"ಅಂದ್ರೆ ನಾನೂ, ನನ್ ಜೊತೇಗೊಂದು ಹೋತಾನೂ."

ವನಜಾಕ್ಷಿಯ ಗಂಡ ಭೂಷಣ ನಕ್ಕ. "ಸೋತ್ರೆ ಏನ್ಮಾಡ್ತೀರಿ ಮಾವ?"

"ಸೋಲ್ದೆ ಇನ್ನೇನಪ್ಪ? ನಮ್ ಕಾಲ್ದಲ್ಲಿ ಮುದ್ದೆ ಹುರುಳಿಸಾರು ತಿಂದ್ಕೊಂಡು, ಎಂಟ್ ಗಂಟೆ ಬಂಡೆ ಕೊರ್ದು ಬತ್ತಿದ್ವಿ. ಆವಯ್ಯಂಗೆ ತೂಕ ಮಾಡಿ ಊಟ ಕೊಡೋಕೇ ನಾಕು ಜನ ಇರ್ತಾರಂತೆ. ನಿಲ್ಲೋಷ್ಟು ಹೊತ್ತು ನಿಲ್ತೀನಿ, ಆಮೇಲೆ ಕೂತ್ಕೋತೀನಿ. ಅದ್ರಲ್ಲೇನು ಮರ್ಯಾದೆ ಹೋಗೋದು?"

ಅವಳ ಮನಸ್ಸು ಹಗುರವಾಯಿತು. ಅಪ್ಪ ಸೋಲಲು ಸಿದ್ಧನಿದ್ದ.

ಮುಂದಿನ ವಾರ ಪರದೆಯ ಮೇಲೆ ಪರೀಕ್ಷೆಯ ಪಂದ್ಯ ನಡೆಸಿದರು. ಒಬಿ ಜೀವಂತ ಮನುಷ್ಯ, ತಿಂಗಳುಗಟ್ಟಲೆ ಮೈಗೆ ಸಂವೇದಕ ಕಟ್ಟಿಸಿಕೊಂಡು ತನ್ನ ಪ್ರತಿಯೊಂದು ಚಲನೆಯನ್ನೂ ಯಂತ್ರಕ್ಕೆ ಕೊಟ್ಟಿದ್ದವನು. ಮೊದಲ ರೌಂಡಿನಲ್ಲಿ ಪಿಳ್ಳಪ್ಪ ಅವನ ಸುತ್ತ ತಿರುಗಿದ. ಎರಡನೆಯದರಲ್ಲಿ, ಒಬಿ ಬಲಗೈ ಹಿಂದಕ್ಕೆಳೆಯುವ ಕ್ಷಣ ಕಾದು, ಕೆಳಗಿನಿಂದ ಎಡಗೈ ಎತ್ತಿ ದವಡೆಗೆ ಕೊಟ್ಟ. ಒಬಿಯ ಮಂಡಿ ಮಡಿಚಿಕೊಂಡಿತು. ಕೂಗಾಡಬಾರದು ಎಂದುಕೊಂಡಿದ್ದ ವನಜಾಕ್ಷಿ ಎದ್ದು ನಿಂತಿದ್ದಳು.

ನಾಲ್ಕನೆಯ ರೌಂಡಿನಿಂದ ತೂಕ ತನ್ನ ಕೆಲಸ ಮಾಡತೊಡಗಿತು. ಒಬಿಯ ತೋಳು ಉದ್ದ; ಪಿಳ್ಳಪ್ಪನ ಏಟು ತಲುಪದ ಜಾಗದಲ್ಲಿ ನಿಂತೇ ಅವನು ಹೊಡೆಯಬಲ್ಲ. ಬಲಗೈಯ ಒಂದು ಏಟು ಪಿಳ್ಳಪ್ಪನ ಕಪಾಳಕ್ಕೆ ಬಿತ್ತು. ತಲೆ ಎಷ್ಟು ರಭಸದಿಂದ ತಿರುಗಿತೆಂದು ತೋರಿಸುವ ಗೆರೆ ಪಕ್ಕದ ಪರದೆಯಲ್ಲಿ ಏರಿತು. ಎಚ್ಚರ ತಪ್ಪುವ ಮಿತಿಯನ್ನು ದಾಟಿ ಏರಿತು. ಇನ್ನು ಬೀಳುತ್ತಾನೆ ಎಂದುಕೊಂಡಳು ವನಜಾಕ್ಷಿ. ಪಿಳ್ಳಪ್ಪ ಹಿಂದಕ್ಕೆ ಸರಿದು, ಬೆನ್ನನ್ನು ಹಗ್ಗಕ್ಕೆ ಕೊಟ್ಟು, ಗಲ್ಲವನ್ನು ಎದೆಗೊತ್ತಿ, ಕೈ ಎತ್ತಿ ನಿಂತ. ಇನ್ನೊಂದು ಬಿತ್ತು. ನಿಂತ. ಐದನೆಯ ರೌಂಡು, ಆರು, ಎಂಟು. ಗೆರೆ ಮತ್ತೆ ಮತ್ತೆ ಮಿತಿ ದಾಟಿತು. ಅವನು ಪ್ರತಿ ಸಲವೂ ಅದೇ ರೀತಿ ಹಗ್ಗಕ್ಕೆ ಒರಗಿ ನಿಂತ. ಹನ್ನೆರಡನೆಯ ರೌಂಡಿನ ಗಂಟೆ ಹೊಡೆದಾಗಲೂ ನಿಂತೇ ಇದ್ದ.

ಪ್ರಯೋಗಾಲಯದವರು ಕುಣಿದಾಡುತ್ತಿದ್ದರು. "ಸೋತ್ರೂ ಬೀಳಲಿಲ್ಲ ಮೇಡಂ," ಎಂದ ಇಂದುಧರ. ಅವನ ಕಣ್ಣು ನಿಜವಾಗಿಯೂ ತುಂಬಿತ್ತು. "ಆ ಕಾಲದ ಮೈ ಅಂದ್ರೆ ಮೈ."

"ಆ ಏಟಿಗೆ ಯಾವ ಕಾಲದ ಮೈಯೂ ನಿಲ್ಲಲ್ಲ ಇಂದುಧರ," ಎಂದಳು ವನಜಾಕ್ಷಿ.

ಕಾರಣ ಹುಡುಕಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಸೆಬಾಸ್ಟಿಯನ್ನನ ಫಿಲ್ಮುಗಳನ್ನು ಮತ್ತೆ ಮೊದಲಿನಿಂದ ನೋಡಿದಳು. ಅಪ್ಪ ಎಲ್ಲಿಯೂ ಬಿದ್ದಿರಲಿಲ್ಲ. ಏಟು ತಿಂದು ಹಗ್ಗಕ್ಕೆ ಒರಗಿದ್ದ, ತಡವರಿಸಿದ್ದ, ಮತ್ತೆ ನಿಂತಿದ್ದ. ಕೆಲವು ಕಡೆ ಚಿತ್ರ ಥಟ್ಟನೆ ಹಾರುತ್ತಿತ್ತು. ಫಿಲ್ಮು ತುಂಡಾಗಿದೆ ಎಂದು ಅವಳು ಬಿಟ್ಟುಬಿಟ್ಟಿದ್ದಳು. ಕಂಡದ್ದರಿಂದಷ್ಟೇ ಯಂತ್ರ ಕಲಿಯುತ್ತದೆ. ಕಾಣದ ಪ್ರಸಂಗ ಎದುರಾದರೆ, ಕಂಡದ್ದರಲ್ಲಿ ಅದಕ್ಕೆ ಹತ್ತಿರದ್ದನ್ನು ಆರಿಸಿಕೊಳ್ಳುತ್ತದೆ. ಫಿಲ್ಮಿನಲ್ಲಿ ಪಿಳ್ಳಪ್ಪ ತಿಂದ ಅತಿ ದೊಡ್ಡ ಏಟಿಗೆ ಕಂಡ ಉತ್ತರ ಹಗ್ಗಕ್ಕೆ ಒರಗಿ ನಿಲ್ಲುವುದು. ಪರದೆಯ ಮೇಲಿನವನಿಗೆ ಮೂಳೆಯಿತ್ತು, ಸ್ನಾಯುವಿತ್ತು. ಏಟು ಬಿದ್ದಾಗ ದೀಪದ ಹಾಗೆ ಆರಿಹೋಗುವ ಮಿದುಳು ಇರಲಿಲ್ಲ. ಬೀಳುವುದನ್ನು ಅವನು ನೋಡಿಯೇ ಇರಲಿಲ್ಲ.

"ಅಪ್ಪ, ನೀನು ಯಾವತ್ತೂ ಬಿದ್ದಿಲ್ವಾ?" ಎಂದು ಬೆಳಿಗ್ಗೆ ಕೇಳಿದಳು.

ಪಿಳ್ಳಪ್ಪನಿಗೆ ನಗು ಬಂತು. "ಲೆಕ್ಕ ಇಟ್ಟೋರ್ಯಾರಮ್ಮ? ಮದ್ರಾಸಿನ ಒಬ್ಬ ಪೊಲೀಸಿನೋನು ಇದ್ದ, ಅವನ ಕೈಲಿ ಒಂದೇ ದಿನ ಮೂರು ಸಲ ಬಿದ್ದೆ."

"ಫಿಲ್ಮಲ್ಲಿ ಇಲ್ಲ."

"ಎಲ್ಲಿರ್ತದೆ? ನಾನು ಬಿದ್ರೆ ಸೆಬಾಸ್ಟಿನ್ನು ಕ್ಯಾಮರಾ ಬಂದ್ ಮಾಡ್ಬಿಡೋನು. ಬೆವರು ಸುರಿಸಿ ದುಡ್ಡು ಹಾಕಿರ್ತಾರೆ ಗ್ಯಾಂಗಿನೋರು, ನಾನು ನೆಲದಲ್ಲಿ ಬಿದ್ಕೊಂಡಿರೋದನ್ನ ನೋಡೋಕಾ? ಬಿದ್ದ ಅಂದ್ರೆ ಬಂದ್. ಎದ್ದ ಅಂದ್ರೆ ಮತ್ತೆ ಕೀಲಿ. ಏಳ್ದೆ ಹೋದ್ರೆ ಮನೆಗೆ. ನಮ್ ಲೈನಲ್ಲಿ ಎಲ್ರಿಗೂ ಹಂಗೇ ಮಾಡ್ತಿದ್ದ. ಒಳ್ಳೇ ಮನುಷ್ಯ."

ವನಜಾಕ್ಷಿ ತಟ್ಟೆಯಲ್ಲಿದ್ದ ಇಡ್ಲಿಯನ್ನು ಮುರಿಯುತ್ತ ಕೂತಳು. ಹಾರಿದ ಚಿತ್ರಗಳೆಲ್ಲ ಅವಳಿಗೆ ಈಗ ಅರ್ಥವಾದವು. ಅದನ್ನು ಅಪ್ಪನಿಗೆ ತಿಳಿಯುವ ಹಾಗೆ ಹೇಳಿದಳು: ಪರದೆಯ ಮೇಲಿನ ಹುಡುಗನಿಗೆ ಬೀಳುವುದಕ್ಕೆ ಬರುವುದಿಲ್ಲ. ಹೊಡೆದಷ್ಟೂ ನಿಂತಿರುತ್ತಾನೆ.

ಪಿಳ್ಳಪ್ಪನ ನಗು ನಿಂತಿತು. "ಪಾಪ," ಎಂದ. "ಯಾರೂ ಹೇಳ್ಕೊಟ್ಟಿಲ್ವಲ್ಲ ಅವಂಗೆ. ನಂಗೆ ಗಣೀಲಿ ಹೇಳ್ಕೊಟ್ಟಿದ್ರು. ಕೆಳಗಡೆ ಬಂಡೆ ಸಿಡೀತು ಅಂದ್ರೆ ಮೊದ್ಲು ಮಂಡಿ ಊರು, ಆಮೇಲೆ ಯೋಚ್ನೆ ಮಾಡು ಅಂತ. ರಿಂಗಲ್ಲೂ ನಾನು ಹಂಗೇ ಬೀಳ್ತಿದ್ದೆ. ದೊಪ್ ಅಂತ ಅಲ್ಲ. ಬಲಗಡೆ ಮಂಡಿ, ಆಮೇಲೆ ಕೈ, ಆಮೇಲೆ ಸೊಂಟ."

"ತೋರಿಸ್ತೀಯಾ?"

ಕೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು. ಎಂಬತ್ತೈದರ ಮುದುಕ. ಆದರೆ ಪಿಳ್ಳಪ್ಪ ಆಗಲೇ ಲುಂಗಿ ಮೇಲೆ ಕಟ್ಟುತ್ತಿದ್ದ.

ಭೂಷಣ ಮನೆಯ ಹಾಸಿಗೆಗಳನ್ನೆಲ್ಲ ಎಳೆದು ತಂದು ನಡುಮನೆಯಲ್ಲಿ ಹಾಸಿದ. ವನಜಾಕ್ಷಿ ಅಪ್ಪನ ಮಣಿಕಟ್ಟು, ಮಂಡಿ, ಸೊಂಟ, ಹಣೆಗೆ ಸಂವೇದಕದ ಪಟ್ಟಿ ಕಟ್ಟಿದಳು. ಪಿಳ್ಳಪ್ಪ ಹಾಸಿಗೆಯ ಮಧ್ಯೆ ನಿಂತು ಮುಷ್ಟಿ ಎತ್ತಿದ. ಎಡಮುಷ್ಟಿ ನಡುಗುತ್ತಿತ್ತು.

"ಹೊಡಿ," ಎಂದ ಅಳಿಯನಿಗೆ.

"ಅಯ್ಯೋ ಮಾವ, ಹೆಂಗೆ ಹೊಡೀಲಿ?"

"ಮುಟ್ಟಪ್ಪ ಸಾಕು. ಐವತ್ತು ವರ್ಷದಿಂದ ಯಾರೂ ಮುಟ್ಟಿಲ್ಲ."

ಭೂಷಣ ಬೆರಳ ತುದಿಯಿಂದ ಕೆನ್ನೆ ಮುಟ್ಟಿದ. ಪಿಳ್ಳಪ್ಪನ ಕಣ್ಣು ಎಲ್ಲೋ ದೂರಕ್ಕೆ ಹೋಯಿತು. ಬಲಮಂಡಿ ನಿಧಾನವಾಗಿ ಕೆಳಗಿಳಿದು ಹಾಸಿಗೆ ಮುಟ್ಟಿತು. ಕೈ ಊರಿದ. ಸೊಂಟ ಪಕ್ಕಕ್ಕೆ ವಾಲಿತು. ಆಮೇಲೆ ಇಡೀ ದೇಹ, ಭಾರ ಇಳಿಸಿದ ಎತ್ತು ಮಲಗುವ ಹಾಗೆ, ಹಾಸಿಗೆಯ ಮೇಲೆ ಮಲಗಿತು. ಕಣ್ಣು ಮುಚ್ಚಿಕೊಂಡಿದ್ದ. ವನಜಾಕ್ಷಿ ಗಾಬರಿಯಿಂದ ಹತ್ತಿರ ಹೋದಳು.

"ಇರು," ಎಂದ ಕಣ್ಣು ಬಿಡದೆ. "ಇಲ್ಲಿ ಎಷ್ಟು ಸುಖ ಇರ್ತದೆ ಗೊತ್ತಾ? ಯಾರೂ ಹೊಡೆಯಂಗಿಲ್ಲ. ರೆಫರಿ ಎಣಿಸ್ತಾ ಇರ್ತಾನೆ. ಹತ್ತರವರ್ಗೂ ಇಡೀ ಪ್ರಪಂಚದಲ್ಲಿ ಒಬ್ರೂ ನಿನ್ನ ಮುಟ್ಟಂಗಿಲ್ಲ."

ಅವಳು ಅವತ್ತೇ ಆ ಅಳತೆಗಳನ್ನು ಪ್ರಯೋಗಾಲಯಕ್ಕೆ ಒಯ್ದಳು. ಯಂತ್ರ ಕಲಿಯಿತು. ಮತ್ತೊಂದು ಪರೀಕ್ಷೆಯ ಪಂದ್ಯ ಶುರುವಾಯಿತು. ಒಬಿ ಬರಿದೇ ಅಂದಾಜು ನೋಡಲು ಚಾಚಿದ ಎಡಗೈ ಪಿಳ್ಳಪ್ಪನ ಹಣೆಗೆ ತಾಗಿತಷ್ಟೆ. ಇಪ್ಪತ್ತನಾಲ್ಕರ ಆ ದೊಡ್ಡ ಮೈ ನಡುಗುತ್ತ, ಮುದುಕನ ಹಾಗೆ ಮಂಡಿ ಊರಿ, ನೆಲಕ್ಕೆ ಕೈ ತಡಕಾಡುತ್ತ ಮಲಗಿಕೊಂಡಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಬೆರಳ ಸ್ಪರ್ಶಕ್ಕೆ ಬಿದ್ದದ್ದನ್ನು ಯಂತ್ರ ನೋಡಿತ್ತು. ಬೆರಳ ಸ್ಪರ್ಶಕ್ಕೇ ಬೀಳಲು ಕಲಿತಿತ್ತು. ಎಂಬತ್ತೈದರ ಬೀಳುವಿಕೆ ಇಪ್ಪತ್ತನಾಲ್ಕಕ್ಕೆ ಹೊಂದುವುದಿಲ್ಲ ಎಂದು ವನಜಾಕ್ಷಿಗೆ ಯಾರೂ ಹೇಳಬೇಕಾಗಿರಲಿಲ್ಲ. ತಾನೇ ಎದ್ದು ಹೋಗಿ ಅದನ್ನು ಅಳಿಸಿದಳು.

"ಒಬಿ ಬೀಳೋ ರೀತಿ ನಮ್ಮ ಹತ್ರ ಇದೆಯಲ್ಲ," ಎಂದಳು. "ಅದನ್ನೇ ಕೊಡು."

"ಆಗ ಬೀಳೋದು ಒಬಿ ಮೇಡಂ, ನಿಮ್ಮ ತಂದೆ ಅಲ್ಲ." ಇಂದುಧರ ಮೆತ್ತಗೆ ಹೇಳಿದ. "ಕಾಣದ್ದನ್ನ ಸೇರಿಸೋ ಹಾಗಿಲ್ಲ ಅಂತ ನೀವೇ ಹೇಳಿದ್ದು. ಅವರ ವೇಗ ಇಳಿಸುವಾಗ ನಾನು ನಿಮ್ಮ ಮಾತು ಕೇಳಿದೆ."

"ಹಾಗಾದ್ರೆ ಪಂದ್ಯ ನಿಲ್ಲಿಸು. ಏಟು ಮಿತಿ ದಾಟಿದ ತಕ್ಷಣ ರೆಫರಿ ನಿಲ್ಲಿಸಲಿ."

ಅವನು ಫೋನು ತೆಗೆದು ತೋರಿಸಿದ. ಜಾಹೀರಾತು ಆಗಲೇ ಹೊರಟಿತ್ತು. ಗ್ಲೌಸು ಎತ್ತಿ ಹಗ್ಗಕ್ಕೆ ಒರಗಿ ನಿಂತ ಅಪ್ಪ. ಕೆಳಗೆ ದೊಡ್ಡಕ್ಷರದಲ್ಲಿ 'ಬೀಳದ ಪಿಳ್ಳಪ್ಪ'.

"ದುಡ್ಡು ಹಾಕಿದೋರು ಈಗ ನನ್ನ ಮಾತೂ ಕೇಳಲ್ಲ," ಎಂದ. "ಒಂದು ಯೋಚನೆ ಮಾಡಿ ಮೇಡಂ. ಅವನಿಗೆ ನೋವಾಗಲ್ಲ. ಅದು ಬರೀ ಅಂಕಿ."

ಅದು ಸುಳ್ಳಲ್ಲ. ನೋಯುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ ಎಂಬುದು ಅವನಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಅವಳು ಜಗಳವಾಡದೆ ಚೀಲ ತೆಗೆದುಕೊಂಡು ಮನೆಗೆ ಹೊರಟಳು.

ಪಂದ್ಯವನ್ನು ಅಪ್ಪನಿಗೆ ತೋರಿಸಬಾರದು ಎಂದುಕೊಂಡಿದ್ದಳು. ಆದರೆ ಪಂದ್ಯದ ದಿನ, ಭಾನುವಾರ ಮಧ್ಯಾಹ್ನ, ಗಣಿಯ ಊರಿನಿಂದ ವ್ಯಾನೇ ಬಂತು. ಗ್ಯಾಂಗಿನವರ ಮಕ್ಕಳು, ಮೊಮ್ಮಕ್ಕಳು ಹಾರ ಹಿಡಿದು ಬಂದಿದ್ದರು. ಹಳೆಯ ಕ್ಲಬ್ಬಿನ ಹಾಲಿನಲ್ಲಿ ದೊಡ್ಡ ಪರದೆ ಕಟ್ಟಿದ್ದೇವೆ, ಅಣ್ಣ ಬರದೆ ಹೇಗೆ ಎಂದರು. ಪಿಳ್ಳಪ್ಪ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಅವರಿಗಿಂತ ಮೊದಲು ವ್ಯಾನು ಹತ್ತಿ ಕೂತ.

ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವನನ್ನು ಮುಂದಿನ ಸಾಲಿನ ಮಧ್ಯದ ಕುರ್ಚಿಯಲ್ಲಿ ಕೂರಿಸಿದರು. ಹೆಂಗಸರಿಗೆ ಹಿಂದೆ ಜಾಗ ಬಿಟ್ಟಿದ್ದರು. ವನಜಾಕ್ಷಿ ಗೋಡೆಗೊರಗಿ ನಿಂತಳು. ಎರಡನೆಯ ರೌಂಡಿನಲ್ಲಿ ಒಬಿಯ ಮಂಡಿ ಮಡಿಚಿಕೊಂಡಾಗ ಮಾಡಿನ ತಗಡುಗಳು ಅದುರುವಷ್ಟು ಗದ್ದಲವಾಯಿತು. ಪಿಳ್ಳಪ್ಪ ತೊಡೆ ತಟ್ಟಿಕೊಂಡು ನಗುತ್ತಿದ್ದ. "ನೋಡ್ದಾ, ನೋಡ್ದಾ, ಕಾದಿದ್ದು ಕೊಟ್ಟ," ಎಂದು ಪಕ್ಕದವನ ಭುಜ ಹಿಡಿದು ಅಲ್ಲಾಡಿಸಿದ.

ನಾಲ್ಕು ಕಳೆಯಿತು. ಐದು ಕಳೆಯಿತು. ಒಬಿ ಹೊಡೆಯುತ್ತಿದ್ದ. ಹಗ್ಗಕ್ಕೆ ಒರಗಿದವನ ತಲೆ ಅತ್ತಿತ್ತ ತಿರುಗುತ್ತಿತ್ತು, ಮತ್ತೆ ನೆಟ್ಟಗಾಗುತ್ತಿತ್ತು. ಪ್ರತಿ ಸಲ ನೆಟ್ಟಗಾದಾಗಲೂ ಜನ ಎದ್ದು ಚಪ್ಪಾಳೆ ತಟ್ಟಿದರು. "ಬೀಳಲ್ಲ ಕಣ್ರೋ. ನಮ್ ನೀರು ಕುಡಿದ ಮೈ ಅದು," ಎಂದು ಯಾರೋ ಅಂದರು.

ಪಿಳ್ಳಪ್ಪ ನಗುವುದನ್ನು ನಿಲ್ಲಿಸಿದ್ದ. ಮುಂದಕ್ಕೆ ಬಾಗಿ ಪರದೆಯ ಕಡೆ ಏನೋ ಹೇಳುತ್ತಿದ್ದ. ಗೋಡೆಯ ಬಳಿಯಿಂದ ವನಜಾಕ್ಷಿಗೆ ಅದು ಕೇಳಿಸುತ್ತಿರಲಿಲ್ಲ, ಆದರೆ ತುಟಿ ನೋಡಿದರೆ ತಿಳಿಯುತ್ತಿತ್ತು. ಕೂತ್ಕೋ. ಕೂತ್ಕೋ ಮಗ.

ಒಂಬತ್ತನೆಯ ರೌಂಡು ಮುಗಿದಾಗ ಅವನು ಕುರ್ಚಿಯ ಕೈ ಹಿಡಿದು ಎದ್ದ. ಹಾಲಿನಲ್ಲಿದ್ದವರೆಲ್ಲ ಅವನಿಗೆ ಜೈಕಾರ ಹಾಕಿದರು. ಅವನು ಕೈ ಎತ್ತಿ ಸುಮ್ಮನಿರಿ ಎಂದು ಸನ್ನೆ ಮಾಡಿದ. "ಸುಳ್ಳದು," ಎಂದ. ಅವನ ದನಿ ಹಿಂದಿನವರೆಗೂ ಬಂತು. "ನಾನು ಬಿದ್ದಿದೀನಿ ಕಣ್ರಪ್ಪ. ಎಷ್ಟೋ ಸಲ ಬಿದ್ದಿದೀನಿ. ಸೆಬಾಸ್ಟಿನ್ನು ತೆಗೀಲಿಲ್ಲ ಅಷ್ಟೇ."

"ದೊಡ್ಡ ಮನಸ್ಸು ನೋಡಿ ಅಣ್ಣಂದು," ಎಂದು ಮೈಕು ಹಿಡಿದವನು ಹೇಳಿದ. ಜನ ಇನ್ನೂ ಜೋರಾಗಿ ತಟ್ಟಿದರು.

ಪಿಳ್ಳಪ್ಪ ಸುತ್ತಲೂ ನೋಡಿದ. ಒಂದೊಂದೇ ಮುಖ ನೋಡಿದ. ಆಮೇಲೆ ಅವರ ಮುಂದೆ ಮುಷ್ಟಿ ಎತ್ತಿ, ಬಲಮಂಡಿಯನ್ನು ನಿಧಾನವಾಗಿ ಮಡಿಚತೊಡಗಿದ. ಏನು ಮಾಡುತ್ತಿದ್ದಾನೆ ಎಂದು ಆ ಹಾಲಿನಲ್ಲಿ ವನಜಾಕ್ಷಿಯೊಬ್ಬಳಿಗೇ ಗೊತ್ತಾಯಿತು.

"ಹಿಡ್ಕೊಳ್ರೋ, ಅಣ್ಣ ಬೀಳ್ತಾವ್ರೆ." ಅತ್ತ ಇತ್ತ ಕೈಗಳು ಚಾಚಿದವು. ಕಂಕುಳಿಗೆ ಕೈ ಕೊಟ್ಟರು, ಸೊಂಟ ಹಿಡಿದರು. ಅವನು ತಲೆ ಅಲ್ಲಾಡಿಸಿ ಮತ್ತೆ ಮಂಡಿ ಇಳಿಸಿದ. ಇನ್ನಷ್ಟು ಕೈಗಳು ಬಂದವು. "ಬಿಡ್ರಪ್ಪ, ಬಿಡ್ರಿ ಅವರನ್ನ, ಕೂರ್ಲಿ," ಎಂದು ವನಜಾಕ್ಷಿ ಕುರ್ಚಿಗಳ ನಡುವೆ ನುಗ್ಗಿದಳು. ಎದ್ದು ನಿಂತವರ ಬೆನ್ನುಗಳು ದಾರಿ ಕೊಡಲಿಲ್ಲ. ಪರದೆಯಲ್ಲಿ ಹತ್ತನೆಯ ರೌಂಡಿನ ಗಂಟೆ ಹೊಡೆಯಿತು, ಅವಳ ದನಿ ಗದ್ದಲದಲ್ಲಿ ಎಲ್ಲೋ ಹೋಯಿತು. ಬೆನ್ನುಗಳ ಸಂದಿಯಲ್ಲಿ ಅವಳಿಗೆ ಅಪ್ಪನ ಮುಖ ಒಮ್ಮೆ ಕಂಡಿತು. ಬಲಮಂಡಿ ಇನ್ನೂ ಮಡಿಚಿಯೇ ಇತ್ತು, ನೆಲ ಹುಡುಕುತ್ತಿತ್ತು. ಅವರು ಅವನನ್ನು ಪಾದ ನೆಲಕ್ಕೆ ತಾಗದಷ್ಟು ಎತ್ತರಕ್ಕೆ ಹಿಡಿದಿದ್ದರು.